ಹೂಂ ಅಂದವರು ಯಾರು

ಲಿಫ್ಟ್ ರಿಪೇರಿ ಮಾಡುವವರಿಗೆ ಮೆಟ್ಟಿಲು ಕಂಡರೆ ಆಗುವುದಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ ನೋಡಿ. ಊರಿನವರನ್ನೆಲ್ಲ ಕೂತ ಹಾಗೆ ಮೇಲೆ ಕೆಳಗೆ ಓಡಾಡಿಸುವ ಈ ಜನ, ತಾವು ಕೆಲಸಕ್ಕೆ ನಿಂತಾಗ ಮಾತ್ರ ಲಿಫ್ಟ್ ನಿಲ್ಲಿಸಿ, ಹೆಗಲಿಗೆ ಚೀಲ ಹೇರಿಕೊಂಡು, ಏದುಸಿರು ಬಿಡುತ್ತಾ ಆರು ಮಹಡಿ ಹತ್ತಬೇಕು. ನಮ್ಮ ಮೇಸ್ತ್ರಿ ಮತ್ತು ಅವನ ಬಾಮೈದ ಹನ್ನೊಂದು ವರ್ಷದಿಂದ ಜೋಡಿಯಾಗಿ ಈ ಕೆಲಸ ಮಾಡುತ್ತಿದ್ದವರು. ಒಬ್ಬ ಮೇಲೆ, ತಾರಸಿಯ ಮೆಷಿನ್ ರೂಮಿನಲ್ಲಿ. ಇನ್ನೊಬ್ಬ ತೀರಾ ಕೆಳಗೆ, ಲಿಫ್ಟಿನ ಗುಂಡಿಯಲ್ಲಿ.

ಇದಕ್ಕೆ ಕಂಪನಿಯ ನಿಯಮವೊಂದಿದೆ. ಮೇಲಿನವನು ಮೇನ್ ಸ್ವಿಚ್ ತೆಗೆದು ಕರೆಂಟು ನಿಲ್ಲಿಸಿ, ಅದಕ್ಕೆ ಬೀಗ ಜಡಿದು, ಬೀಗದ ಕೈಯನ್ನು ತಂದು ಗುಂಡಿಗೆ ಇಳಿಯುವವನ ಜೇಬಿಗೆ ಹಾಕಬೇಕು. ಜೇಬಿನಲ್ಲಿ ಬೀಗದ ಕೈ ಇಲ್ಲದೆ ಯಾರೂ ಗುಂಡಿಯಲ್ಲಿ ಕೈಯಾಡಿಸಕೂಡದು. ಒಳ್ಳೆಯ ನಿಯಮವೇ, ಇಲ್ಲ ಅಂದವರಾರು? ಆದರೆ ಬರೆದ ಪುಣ್ಯಾತ್ಮ ಕುರ್ಚಿಯಲ್ಲಿ ಕೂತು ಬರೆದದ್ದು. ಆ ಬೀಗದ ಕೈ ಕೊಡಲು ಆರು ಮಹಡಿ ಇಳಿದು ಮತ್ತೆ ಆರು ಮಹಡಿ ಹತ್ತುವವನು ಅವನಲ್ಲವಲ್ಲ! ಹಾಗಾಗಿ ಇವರಿಬ್ಬರೂ ತಮ್ಮದೇ ಪದ್ಧತಿ ಮಾಡಿಕೊಂಡಿದ್ದರು. ಮೆಷಿನ್ ರೂಮಿನ ನೆಲದಲ್ಲಿ ಲಿಫ್ಟಿನ ಉಕ್ಕಿನ ಹಗ್ಗ ಇಳಿಯಲು ತೂತುಗಳಿರುತ್ತವೆ, ಅಲ್ಲಿಂದ ದನಿ ಬಾವಿಯೊಳಗೆ ಇಳಿದ ಹಾಗೆ ನೆಟ್ಟಗೆ ಕೆಳಗಿಳಿಯುತ್ತದೆ. ಕೆಳಗಿನವನು "ತೆಗೆದ್ರಾ?" ಎಂದು ಕೂಗಬೇಕು. ಮೇಲಿನವನು ಸ್ವಿಚ್ ತೆಗೆದು "ಹೂಂ" ಅನ್ನಬೇಕು. ಹೂಂ ಕೇಳಿಸಿದ ಮೇಲೆ ಗುಂಡಿಯಲ್ಲಿ ಕೈ ಹಾಕಬೇಕು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಆ ಹೂಂ ಸುಳ್ಳಾಗಿರಲಿಲ್ಲ.

ಹೀಗಿರುವಾಗ ಮೇಸ್ತ್ರಿಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮನೆಗೆ ಕರೆತಂದ ದಿನದಿಂದ ಅಮ್ಮನ ಹಗಲು ರಾತ್ರಿ ಅದಲುಬದಲು. ಹಗಲೆಲ್ಲ ಹಸುಗೂಸಿನ ಹಾಗೆ ನಿದ್ದೆ. ಕತ್ತಲಾದರೆ ಕಣ್ಣು ಬಿಡುವಳು. ಹತ್ತು ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಐದು ನಿಮಿಷಕ್ಕೇ, "ಇದೀಯೇನಪ್ಪಾ?" ಎಂದು ಕೇಳುವಳು. ಪಕ್ಕದಲ್ಲಿ ಚಾಪೆ ಹಾಕಿಕೊಂಡ ಮಗ "ಹೂಂ" ಅಂದರೆ ಸುಮ್ಮನಾಗುವಳು. ಅನ್ನದಿದ್ದರೆ ಮಗನನ್ನು ಹುಡುಕಲು ಮಂಚದಿಂದ ಇಳಿಯಲು ನೋಡುವಳು. ಎರಡನೆಯ ವಾರದಲ್ಲಿ ಒಮ್ಮೆ ಹಾಗೇ ಆಯಿತು. ಮೇಸ್ತ್ರಿಗೆ ಎಚ್ಚರವಾದಾಗ ಅಮ್ಮ ಗೋಡೆ ಹಿಡಿದು ನಿಂತು ಗಡಗಡ ನಡುಗುತ್ತಿದ್ದಳು. ಇನ್ನೊಂದು ಸಲ ಬಿದ್ದರೆ ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ನಾನು ಮಲಗ್ತೀನಿ ಬಿಡಿ ಅತ್ತೆ ಹತ್ರ," ಅಂದಳು ಹೆಂಡತಿ. ಅವಳೋ ಹಾಲಿನ ಡೈರಿಯಲ್ಲಿ ಪ್ಯಾಕೆಟ್ ತುಂಬುವ ಕೆಲಸಕ್ಕೆ ಬೆಳಗಿನ ನಾಲ್ಕು ಗಂಟೆಗೆ ಮನೆ ಬಿಡುವವಳು. ಆದರೂ ಎರಡು ದಿನ ಮಲಗಿ ನೋಡಿದಳು. ಅವಳ ಹೂಂ ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. "ನೀನಲ್ಲಮ್ಮ, ಅವನೆಲ್ಲಿ? ಅವನಿಗೇನಾಯ್ತು?" ಎಂದು ಮನೆಯೆಲ್ಲ ಎಬ್ಬಿಸಿದಳು. ಅಲ್ಲಿಗೆ ಆ ಕೆಲಸ ಮಗನ ತಲೆಗೇ ಬಿತ್ತು.

ಏಳು ವಾರ ಸ್ವಾಮೀ, ಏಳು ವಾರ! ಒಂದು ರಾತ್ರಿ ನಿದ್ದೆಗೆಟ್ಟರೆ ಮಾರನೆಯ ದಿನ ನಾವೆಲ್ಲ ಹೇಗೆ ಮುಖ ಸಿಂಡರಿಸಿಕೊಂಡು ತಿರುಗುತ್ತೇವೆ, ನೆನೆಸಿಕೊಳ್ಳಿ. ಮೊದಲ ವಾರ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ, ಅಷ್ಟೇ. ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವು, ತಟ್ಟೆ ಮುಂದೆ ಕೂತರೆ ವಾಕರಿಕೆ. ಬಿಸಿಲಲ್ಲಿ ನಿಂತರೂ ಬೆರಳು ತಣ್ಣಗೆ. ಮೊಣಕೈಗೆ ತರಚಿದ ಗಾಯ ತಿಂಗಳಾದರೂ ಒಣಗಲಿಲ್ಲ. ಸುಮ್ಮನೆ ಕೂತಾಗ ಎದೆ ಢವಢವ. ಚಹಾಕ್ಕೆ ಉಪ್ಪು ಹಾಕಿ, ಅದನ್ನು ಅರ್ಧ ಲೋಟ ಕುಡಿದು, ಆಮೇಲೆ ಹೆಂಡತಿಯ ಮೇಲೆ ಹಾರಾಡಿದ. ಆಫೀಸಿನಲ್ಲಿ ಸೂಪರ್‌ವೈಸರನ್ನು ಎಲ್ಲರೆದುರಿಗೇ "ಅಮ್ಮಾ" ಎಂದು ಕರೆದ. ಅವತ್ತಿಂದ ಸೂಪರ್‌ವೈಸರಿಗೆ 'ಅಮ್ಮ' ಎಂದೇ ಹೆಸರು ಬಿತ್ತು, ಪಾಪ, ಮೀಸೆ ಬೇರೆ ದಪ್ಪಗಿತ್ತು ಅವರದ್ದು.

ನಗಬೇಡಿ, ಮುಂದಿನದು ನಗುವಂಥದ್ದಲ್ಲ. ಐದನೆಯ ವಾರ ಒಂದು ಆಸ್ಪತ್ರೆಯ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಬಿಳಿ ಅಂಗಿಯವನೊಬ್ಬ ನಿಂತಿದ್ದ. "ಎಷ್ಟನೇ ಮಹಡಿ ಸಾರ್?" ಎಂದು ಮೇಸ್ತ್ರಿ ಕೇಳಿದ. ಬಾಮೈದ ಅವನ ಮುಖವನ್ನೇ ನೋಡಿದ. ಒಳಗೆ ಯಾರೂ ಇರಲಿಲ್ಲ. ಆಮೇಲೆ ಟೀವಿಯಲ್ಲಿ ಸೋಪಿನ ಜಾಹೀರಾತು ಬಂದರೆ ಬಿಕ್ಕಿ ಬಿಕ್ಕಿ ಅಳುವುದು ಶುರುವಾಯಿತು. ಬಸ್ಸಿನಲ್ಲಿ ಕೂತವನು ಕೊನೆಯ ನಿಲ್ದಾಣದಲ್ಲಿ ಕಣ್ಣು ಬಿಡುತ್ತಿದ್ದ. ನಿದ್ದೆ ಮಾಡಿದ್ದೆನೆಂದು ಅವನಿಗೆ ಅನಿಸುತ್ತಲೂ ಇರಲಿಲ್ಲ. ನಡುವಿನ ನಿಲ್ದಾಣಗಳನ್ನು ಯಾರೋ ಕಿತ್ತು ಹಾಕಿದ್ದಾರೆ ಎಂದೇ ಅನಿಸುತ್ತಿತ್ತು. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ರಾತ್ರಿ ಅಮ್ಮ ಕರೆದಾಗ, ಕರೆಯುತ್ತಾ ಬಿದ್ದಿರಲಿ, ಇಳಿದರೆ ಇಳಿಯಲಿ, ಬಿದ್ದರೆ ಬೀಳಲಿ, ಒಂದು ಸಲ ಇದೆಲ್ಲ ಮುಗಿದುಹೋಗಲಿ ಎಂದು ಅವನಿಗೆ ಅನಿಸಿತು. ಹೆತ್ತ ತಾಯಿಯ ಬಗ್ಗೆ! ಮಾರನೆಯ ಬೆಳಿಗ್ಗೆ ಅವಳ ಕಾಲಿಗೆ ಎಣ್ಣೆ ತಿಕ್ಕುವಾಗ ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

"ರಜಾ ಹಾಕಿ ಭಾವ," ಎಂದು ಬಾಮೈದ ಎಷ್ಟು ಸಲ ಹೇಳಿದನೋ.

"ರಜಾ ಹಾಕಿ ಮನೇಲಿ ಕೂತು ಏನ್ಮಾಡ್ಲಿ? ಹಗಲು ಮಲಗಿದ್ರೆ ನಿದ್ದೆ ಬರಲ್ಲ ಕಣೋ. ಈಗೀಗ ಆಗೋದೇ ಹಿಂಗೆ. ಕೆಲಸದಲ್ಲಿದ್ರೇನೇ ನಾನು ಸರಿಯಾಗಿರ್ತೀನಿ."

ನಿದ್ದೆಗೆಟ್ಟವನ ಹಾಳು ಲಕ್ಷಣವೇ ಅದು. ತಾನು ಸರಿಯಾಗಿದ್ದೇನೆ ಎಂದು ಅವನಿಗಿರುವಷ್ಟು ನಂಬಿಕೆ ಎಂಟು ತಾಸು ಗೊರಕೆ ಹೊಡೆದವನಿಗೂ ಇರುವುದಿಲ್ಲ.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಬ್ಬರೂ ಆರು ಮಹಡಿಯ ಕಟ್ಟಡವೊಂದಕ್ಕೆ ಹೋದರು. ಗುಂಡಿಯ ತಳದಲ್ಲಿ ಹಗ್ಗ ಸುತ್ತಿ ಬರುವ ಗಾಲಿಯನ್ನು ಒರೆಸಿ ಗ್ರೀಸು ಹಚ್ಚುವ ಕೆಲಸ. ಕೆಳಗಿಳಿಯುವ ಸರದಿ ಮೇಸ್ತ್ರಿಯದು. ಬಾಮೈದ ಭಾವನ ಕಣ್ಣು ನೋಡಿ, "ಇವತ್ತು ನೀವು ಮೇಲಿರಿ, ನಾನೇ ಇಳೀತೀನಿ. ಸ್ವಿಚ್ ತೆಗೆದು ಸ್ಟೂಲ್ ಮೇಲೆ ಆರಾಮಾಗಿ ಕೂತ್ಕೊಳ್ಳಿ," ಅಂದ. ಮೇಸ್ತ್ರಿ ಹತ್ತಿದ. ಮೆಷಿನ್ ರೂಮು ಬೆಚ್ಚಗಿತ್ತು. ಸ್ಟೂಲಿನ ಮೇಲೆ ಕೂತು ಕೆಳಗಿನ ಕೂಗಿಗಾಗಿ ಕಾದ. ಕಿಟಕಿಯ ಹೊರಗೆ ಪಾರಿವಾಳವೊಂದು ಕೂತಿತ್ತು. ಕೂಗು ಬರಲಿಲ್ಲ. ಪಾರಿವಾಳ ಕತ್ತು ಕೊಂಕಿಸಿ ನೋಡಿತು. ಕೂಗು ಬರಲಿಲ್ಲ. ಆಗ ಪಕ್ಕದಲ್ಲಿದ್ದ ಮೋಟಾರು ತಿರುಗಲು ಶುರುವಾಯಿತು. ಮೂರನೆಯ ಮಹಡಿಯಲ್ಲಿ ಯಾರೋ ಲಿಫ್ಟಿನ ಬಟನ್ ಒತ್ತಿದ್ದರು. ಅದರ ಹಿಂದೆಯೇ ಕೆಳಗಿಂದ ಒಂದು ಚೀತ್ಕಾರ ಬಂತು.

ಬಾಮೈದನ ಬಲಗೈ ಹಗ್ಗಕ್ಕೂ ಗಾಲಿಗೂ ನಡುವೆ ಸಿಕ್ಕಿತ್ತು. ತೋರುಬೆರಳು, ನಡುಬೆರಳು ಎರಡನ್ನೂ ತೆಗೆದುಬಿಟ್ಟರು. ಉಳಿದ ಕೈಯನ್ನು ಉಳಿಸಲು ಇನ್ನೊಂದು ಆಪರೇಷನ್ ಆಗಬೇಕಿತ್ತು.

"ನಾನು ಕೇಳ್ದೆ, ಭಾವ ಹೂಂ ಅಂದ್ರು. ಹೂಂ ಅಂದ ಮೇಲೇ ಕೈ ಹಾಕಿದ್ದು," ಎಂದು ಬಾಮೈದ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಹೇಳಿದ.

"ಇಲ್ಲ ಸಾರ್. ಅವನು ಕೇಳ್ಲೇ ಇಲ್ಲ. ನಾನು ಎಚ್ಚರವಾಗೇ ಇದ್ದೆ, ಅವನ ಕೂಗಿಗೇ ಕಾಯ್ತಾ ಕೂತಿದ್ದೆ," ಅಂದ ಮೇಸ್ತ್ರಿ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ದೇವರಾಣೆಗೂ ಅಲ್ಲ. ಅವನ ತಲೆಯಲ್ಲಿ ಇದ್ದದ್ದೇ ಅದು. ಪಾರಿವಾಳದ ಕತ್ತಿನ ಬಣ್ಣವನ್ನು ಕೂಡ ಹೇಳಬಲ್ಲವನಾಗಿದ್ದ. ಸೂಪರ್‌ವೈಸರು ಬರೆದುಕೊಂಡರು, ಅವನು ಸಹಿ ಹಾಕಿದ.

ಮೂರು ವಾರ ಬಿಟ್ಟು ಸೋಮವಾರ ವಿಚಾರಣೆ ಎಂದಾಯಿತು. ಬಾಮೈದ ಕೇಳದೆಯೇ ಕೈ ಹಾಕಿದ್ದೆಂದಾದರೆ ತಪ್ಪೆಲ್ಲ ಅವನದೇ. ಹೇಗೂ ಅವನ ಜೇಬಿನಲ್ಲಿ ಬೀಗದ ಕೈ ಇರಲಿಲ್ಲ. ಕೆಲಸ ಹೋಗುತ್ತದೆ, ಎರಡನೆಯ ಆಪರೇಷನ್ನಿಗೆ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಅವನು ಕೇಳಿದ್ದು, ಮೇಲಿಂದ ಹೂಂ ಬಂದದ್ದು ನಿಜವಾದರೆ ಹೋಗುವುದು ಮೇಸ್ತ್ರಿಯ ಕೆಲಸ. ಇದ್ದದ್ದು ಎರಡೇ ದಾರಿ.

ಮೇಸ್ತ್ರಿಗೆ ಮೊದಲು ಆಶ್ಚರ್ಯ, ಆಮೇಲೆ ಸಿಟ್ಟು. ಈ ಹುಡುಗನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನೇ ತಾನು. ಅವನೇ ಈಗ ತಪ್ಪನ್ನು ತನ್ನ ಗುರುವಿನ ತಲೆಗೆ ಕಟ್ಟಿದನಲ್ಲ! ಆಸ್ಪತ್ರೆಗೆ ಒಂದು ಸಲ ಹೋದ. ಬಾಮೈದ, "ಭಾವ, ನೆನಪು ಮಾಡ್ಕೊಳ್ಳಿ, ನೀವು ಹೂಂ ಅಂದ್ರಿ," ಎಂದು ಮೆಲ್ಲಗೆ ಅಂದ. "ಬೆರಳು ಹೋಯ್ತು ಅಂತ ನನ್ನ ಮಾನಾನೂ ತೆಗೀತೀಯೇನೋ? ನೀನು ಕೇಳಿದ್ರೆ ತಾನೆ ನಾನು ಹೂಂ ಅನ್ನೋದು! ಸರಿಯಾಗಿ ಯೋಚ್ನೆ ಮಾಡು. ನಿನಗೇ ಭ್ರಮೆ," ಎಂದು ಹತ್ತು ಹಾಸಿಗೆಯವರಿಗೆ ಕೇಳುವ ಹಾಗೆ ಕೂಗಾಡಿ ಎದ್ದು ಬಂದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮನೆಯಲ್ಲಿ ಮಾತು ನಿಂತೇಹೋಯಿತು. ಹೆಂಡತಿ ಡೈರಿಯಿಂದ ಬಂದವಳು ತಮ್ಮನಿಗೆ ಊಟ ಕಟ್ಟಿಕೊಂಡು ಆಸ್ಪತ್ರೆಗೆ ಹೋಗುವಳು, ಬಂದು ಅತ್ತೆಯ ಹಾಸಿಗೆ ಬದಲಿಸುವಳು. "ನನ್ನ ತಮ್ಮ ಸುಳ್ಳು ಹೇಳೋನಲ್ಲ. ನೀವೂ ಹೇಳೋರಲ್ಲ. ನನಗೆ ತಲೆ ಕೆಟ್ಟುಹೋಗ್ತಿದೆ," ಎಂದು ಒಂದೇ ಒಂದು ಸಲ ಅಂದಳು. ಮೇಸ್ತ್ರಿ ಕೆಲಸಕ್ಕೆ ಬರಬೇಡವೆಂದು ಕಂಪನಿ ಹೇಳಿದ್ದರಿಂದ ಮನೆಯಲ್ಲೇ ಇದ್ದ. ರಾತ್ರಿಗಳು ಮಾತ್ರ ಹಾಗೇ ಇದ್ದವು. ಅಮ್ಮ ಕರೆಯುತ್ತಲೇ ಇದ್ದಳು.

ವಿಚಾರಣೆಯ ಹಿಂದಿನ ದಿನ ಭಾನುವಾರ. ಮಧ್ಯಾಹ್ನ ಮೂರು ಗಂಟೆ. ಅಪರೂಪಕ್ಕೆ ಅಮ್ಮ ಹಗಲಲ್ಲಿ ಎಚ್ಚರವಾಗಿದ್ದಳು. ಮೇಸ್ತ್ರಿ ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಒಂದು ಗಳಿಗೆಯ ನಂತರ, ಅವನ ಲೆಕ್ಕದಲ್ಲಿ ಅದು ಒಂದೇ ಗಳಿಗೆ, ತಲೆಯೆತ್ತಿ ನೋಡಿದರೆ ಹೆಂಡತಿ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತೇ?"

"ಅಡುಗೆಮನೆಗೆ ಬನ್ನಿ."

ಅಲ್ಲಿ ಒಲೆಯ ಕಟ್ಟೆಯ ಮೇಲೆ ಫೋನಿಟ್ಟು ಒತ್ತಿದಳು. ಮೊದಲು ಅಮ್ಮನ ದನಿ: "ಇದೀಯೇನಪ್ಪಾ?" ಆಮೇಲೆ ಅವನದೇ ದನಿ: "ಹೂಂ." ಆಮೇಲೆ ಹೆಂಡತಿಯ ದನಿ, ಸ್ವಲ್ಪ ದೂರದಿಂದ.

"ರೀ, ಎಚ್ಚರ ಇದೀರಾ?"

"ಹೂಂ."

"ಮನೆಗೆ ಬೆಂಕಿ ಬಿದ್ದಿದೆ ಕಣ್ರೀ."

"ಹೂಂ."

"ನೀವು ಕತ್ತೇನಾ?"

"ಹೂಂ."

ಇಷ್ಟು ಹೊತ್ತಿಗೆ ಅವಳ ದನಿ ನಡುಗಲು ಶುರುವಾಗಿತ್ತು. "ಮೇನ್ ತೆಗೆದ್ರಾ?"

"ಹೂಂ."

ಗೊಣಗಿದ್ದಲ್ಲ, ಕನವರಿಸಿದ್ದಲ್ಲ. ಸ್ಪಷ್ಟವಾಗಿ, ಗಟ್ಟಿಯಾಗಿ, ಕೆಲಸ ಗೊತ್ತಿರುವವನು ಅನ್ನುವ ಹಾಗೆ ಅಂದ ಹೂಂ.

"ನಾಟಕ ಆಡ್ತೀಯಾ? ನಿನ್ನ ತಮ್ಮನ್ನ ಉಳಿಸೋಕೆ ಎಲ್ಲಿಂದಲೋ ಹಿಡ್ಕೊಂಡು ಬಂದಿದೀಯ ಇದನ್ನ!"

"ಈಗ ತಾನೇ ಆ ಕುರ್ಚೀಲಿ ಗಾಢ ನಿದ್ದೇಲಿದ್ರಿ. ಅತ್ತೆ ಕರೆದಾಗೆಲ್ಲ ಕಣ್ಣು ಬಿಡದೇನೇ ಹೂಂ ಅಂತಿದ್ರಿ, ಅದಕ್ಕೇ ಫೋನ್ ಹಿಡಿದೆ," ಅಂದಳು. ಇನ್ನೊಂದು ಸಲ ಹಾಕಿದಳು. ಮೂರನೆಯ ಸಲ ಅವನೇ ಒತ್ತಿ ಕೇಳಿದ. ನಾಲ್ಕನೆಯ ಸಲವೂ ಕೇಳಿದ. ಅಮ್ಮ ಬೀಳಬಾರದೆಂದು ಹತ್ತು ವಾರ ರಾತ್ರಿಯೆಲ್ಲ ಅಂದು ಅಂದು, ಅವನು ಮಲಗಿದ ಮೇಲೂ ಬಾಯಿ ತಾನೇ ಹೂಂ ಅನ್ನಲು ಕಲಿತುಬಿಟ್ಟಿತ್ತು. ನಾಲ್ಕು ಗಂಟೆಗೆ ಮನೆ ಬಿಡುವ ಹೆಂಡತಿಗೆ ಪಕ್ಕದ ಕೋಣೆಯಿಂದ ಅದು ಎಚ್ಚರದ ಹೂಂ ಎಂದೇ ಕೇಳಿಸುತ್ತಿತ್ತು. ಅವನಿಗಂತೂ ಅದು ಕೇಳಿಸಿದ್ದೇ ಇವತ್ತು.

"ಹಾಗಾದ್ರೆ ಪಾರಿವಾಳ?" ಎಂದು ಕೇಳಿದ, ಹುಚ್ಚನ ಹಾಗೆ.

"ಯಾವ ಪಾರಿವಾಳ ರೀ?"

ಅವನು ಅಲ್ಲೇ ನೆಲದ ಮೇಲೆ ಕೂತ. "ನಾಳೆ ಇದನ್ನ ಹೇಳಿದ್ರೆ ನನ್ನ ಕೆಲಸ ಹೋಗತ್ತೆ. ಈ ವಯಸ್ಸಲ್ಲಿ ಇನ್ಯಾವ ಲಿಫ್ಟ್ ಮುಟ್ಟೋಕೆ ಬಿಡ್ತಾರೆ ನನ್ನ? ಸೈನ್ ಬೇರೆ ಹಾಕಿ ಕೊಟ್ಟಿದೀನಿ. ಸುಳ್ಳ ಅಂತಾರೆ," ಅಂದ.

"ನಾನೇನೂ ಹೇಳಲ್ಲ," ಅಂದಳು ಅವಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಒಂದು ಕಡೆ ತಮ್ಮ, ಒಂದು ಕಡೆ ನೀವು. ನನ್ನ ಬಾಯಲ್ಲಿ ಹೇಳಿಸ್ಬೇಡಿ. ಫೋನ್ ನಿಮ್ಮ ಹತ್ರಾನೇ ಇರಲಿ. ಅಳಿಸ್ಬೇಕು ಅನ್ಸಿದ್ರೆ ಅಳಿಸಿ."

ಅಳಿಸಲಿಲ್ಲ. ಹೇಳುತ್ತೇನೆ ಎಂದೂ ಗಟ್ಟಿ ಮಾಡಿಕೊಳ್ಳಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಹೋದ, ಕೂತರೆ ಕಣ್ಣು ಮುಚ್ಚುತ್ತದೆಂಬ ಭಯ. ಹೇಳಿದರೆ ಏನು, ಹೇಳದಿದ್ದರೆ ಏನು ಎಂದು ತೂಗಿ ನೋಡಲು ಹೊರಟರೆ ತಲೆಯಲ್ಲಿ ಒಂದು ಯೋಚನೆ ಇನ್ನೊಂದರ ತನಕ ಹೋಗಿ ಮುಟ್ಟುತ್ತಲೇ ಇರಲಿಲ್ಲ.

ಕಂಪನಿಯ ಆಫೀಸಿನ ಉದ್ದನೆಯ ಕೋಣೆ. ಮೇಜಿನ ಆ ಕಡೆ ಸೂಪರ್‌ವೈಸರು, ಅವರ ಪಕ್ಕ ಮುಖ್ಯ ಕಚೇರಿಯಿಂದ ಬಂದ ದೊಡ್ಡ ಸಾಹೇಬರು. ಈ ಕಡೆ ಎರಡು ಕುರ್ಚಿ. ಬಾಮೈದ ಆಗಲೇ ಬಂದು ಕೂತಿದ್ದ. ಬಲಗೈಗೆ ಬಿಳಿ ಬಟ್ಟೆಯ ಗಂಟು. ಮೂರು ವಾರದಲ್ಲಿ ಮೇಸ್ತ್ರಿ ಅವನನ್ನು ಸರಿಯಾಗಿ ನೋಡಿದ್ದು ಈಗಲೇ. ಕಣ್ಣು ಒಳಗೆ ಹೋಗಿತ್ತು, ಕಣ್ಣಿನ ಸುತ್ತ ಕಪ್ಪು. ಗಡ್ಡ ಬೋಳಿಸಿಕೊಳ್ಳುವಾಗ ಅರ್ಧ ಕೆನ್ನೆ ಬಿಟ್ಟುಬಿಟ್ಟಿದ್ದ. ಭಾವನ ಕಡೆ ತಿರುಗಲಿಲ್ಲ.

"ನೀನು ಮೊದಲು ಹೇಳಪ್ಪ," ಅಂದರು ಸಾಹೇಬರು.

ಬಾಮೈದ ಮೇಜನ್ನೇ ನೋಡುತ್ತಾ ಹೇಳಿದ. "ನಾನು ಕೇಳಲಿಲ್ಲ ಸಾರ್."

"ಮೊದಲು ಕೇಳ್ದೆ ಅಂದಿದ್ದೆಯಲ್ಲ?"

"ಅಂದಿದ್ದೆ ಸಾರ್. ಕೇಳಿದ ಹಾಗೆ ನೆನಪಿತ್ತು. ಅವರು ಹೂಂ ಅಂದ ಹಾಗೂ ಕಿವೀಲಿ ಇತ್ತು. ಆದರೆ ಭಾವ ಸುಳ್ಳು ಹೇಳೋರಲ್ಲ. ಹನ್ನೊಂದು ವರ್ಷದಿಂದ ನೋಡಿದೀನಿ. ಅವರು ಇಲ್ಲ ಅಂದ ಮೇಲೆ ನಂದೇ ಏನೋ ಹೆಚ್ಚುಕಮ್ಮಿ. ಮಲಗಿದ್ರೆ ಸಾಕು ಅದೇ ಬರತ್ತೆ ಸಾರ್. ಕೇಳ್ದೆನಾ, ಕೇಳಲಿಲ್ವಾ. ಕೇಳ್ದೆನಾ, ಕೇಳಲಿಲ್ವಾ. ಮೂರು ವಾರ ಆಯ್ತು ಕಣ್ಣು ಮುಚ್ಚಿ. ಈಗ ಯಾವ್ದು ನಡೆದಿದ್ದು, ಯಾವ್ದು ನಾನು ಅಂದ್ಕೊಂಡಿದ್ದು ಅಂತ ನನಗೇ ಗೊತ್ತಾಗ್ತಿಲ್ಲ. ತಪ್ಪು ನಂದೇ ಅಂತ ಬರ್ಕೊಳ್ಳಿ. ಒಂದು ಸಲ ಮುಗೀಲಿ."

ಸೂಪರ್‌ವೈಸರು ನಿಟ್ಟುಸಿರು ಬಿಟ್ಟು ಕಾಗದ ಮುಂದೆ ತಳ್ಳಿದರು. ಪೆನ್ನಿನ ಮುಚ್ಚಳ ತೆಗೆದು ಬಾಮೈದನ ಎಡಗೈಗೆ ಕೊಟ್ಟರು. ಎಡಗೈಯಲ್ಲಿ ಬರೆದು ಅಭ್ಯಾಸವಿಲ್ಲದ ಅವನು ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ತಿರುಗಿಸುತ್ತಿದ್ದ. ಮೇಸ್ತ್ರಿ ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಯಾರೂ ಅವನತ್ತ ಬೆರಳು ತೋರಿಸುತ್ತಿರಲಿಲ್ಲ.

ಬೆರಳು ಹೋದದ್ದು ಗಾಲಿಯಿಂದ, ಅದು ಒಂದು ಕ್ಷಣದ ಅನಾಹುತ. ಆದರೆ ಈ ಕಣ್ಣು, ಈ ಅರ್ಧ ಬೋಳಿಸಿದ ಗಡ್ಡ, ತಾನು ಕೇಳಿದ್ದನ್ನು ತಾನೇ ನಂಬಲಾರದ ಈ ಸ್ಥಿತಿ? ಇದನ್ನು ಕೊಟ್ಟವನು ತಾನು. ಹತ್ತು ಹಾಸಿಗೆಯವರೆದುರು ಕೂಗಿ ಕೊಟ್ಟದ್ದು.

"ಪೆನ್ ಕೆಳಗಿಡೋ," ಅಂದ.

ಎಲ್ಲರೂ ತಿರುಗಿದರು.

"ಅವನು ಕೇಳ್ದ ಸಾರ್. ನಾನು ಹೂಂ ಅಂದೆ. ಸ್ವಿಚ್ ತೆಗೆದಿರಲಿಲ್ಲ. ನಾನು ನಿದ್ದೆ ಮಾಡ್ತಿದ್ದೆ."

"ಏನ್ರೀ ಇದು? ಅವನೇ ಒಪ್ಕೊಂಡ್ರೆ ನೀವ್ಯಾಕೆ..." ಸೂಪರ್‌ವೈಸರು ಮುಖ ಗಂಟಿಕ್ಕಿದರು. "ನಿದ್ದೇಲಿ ಮಾತಾಡಿದ್ದು ನಿಮಗೆ ಹೇಗೆ ಗೊತ್ತು?"

ಮೇಸ್ತ್ರಿ ಫೋನು ತೆಗೆದು ಮೇಜಿನ ಮೇಲಿಟ್ಟು ಒತ್ತಿದ. ಆ ಉದ್ದನೆಯ ಕೋಣೆಯಲ್ಲಿ ಅಮ್ಮನ ದನಿ, ಹೆಂಡತಿಯ ದನಿ, ಅವನ ಹೂಂಗಳು ಒಂದರ ಹಿಂದೊಂದು ಕೇಳಿಸಿದವು. 'ಕತ್ತೇನಾ' ಎಂದಾಗ ಸಾಹೇಬರ ತುಟಿಯಲ್ಲಿ ನಗು ಬಂತು. 'ಮೇನ್ ತೆಗೆದ್ರಾ' ಎಂದಾಗ ಹೋಯಿತು. ಅವರು ಮೇಸ್ತ್ರಿಯ ಹಳೆಯ ಹೇಳಿಕೆಯ ಕಾಗದ ಹುಡುಕಿ ತೆಗೆದು ಬದಿಗಿಟ್ಟು, "ಇದಾದ ಮೇಲೆ ನಿಮ್ಮನ್ನ ಕೆಲಸದಲ್ಲಿ ಇಟ್ಕೊಳ್ಳೋಕಾಗಲ್ಲ, ಗೊತ್ತಲ್ಲ?" ಎಂದು ಕೇಳಿದರು.

"ಗೊತ್ತು ಸಾರ್. ಅವನ ಕೈ ನೋಡ್ಕೊಳ್ಳಿ."

ಬಾಮೈದ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಗಂಟಿಲ್ಲದ ಎಡಗೈಯಿಂದ ಭಾವನ ಕೆನ್ನೆಗೆ ಫಟಾರನೆ ಬಾರಿಸಿದ. ಮೇಸ್ತ್ರಿ ಕದಲಲಿಲ್ಲ. ಹನ್ನೊಂದು ವರ್ಷದಲ್ಲಿ ಭಾವನೆದುರು ದನಿ ಎತ್ತದ ಹುಡುಗ, ಈಗ ಅದೇ ಕೈಯಲ್ಲಿ ಅವನ ಅಂಗಿಯ ಕೊರಳು ಹಿಡಿದು ಹಸುಗೂಸಿನ ಹಾಗೆ ಅಳತೊಡಗಿದ.

"ನಾನು ಕೇಳಿದ್ದೆ ತಾನೆ ಭಾವ?"

"ಕೇಳಿದ್ದೆ ಕಣೋ."

"ಸರಿಯಾಗಿ ಕೇಳಿದ್ದೆ ತಾನೆ?"

"ಸರಿಯಾಗೇ ಕೇಳಿದ್ದೆ."

"ನನಗೆ ಹುಚ್ಚು ಹಿಡಿದಿಲ್ಲ ತಾನೆ?"

"ಇಲ್ಲ ಕಣೋ, ಇಲ್ಲ. ನಿನಗೇನೂ ಆಗಿಲ್ಲ. ನೀನು ಕೇಳಿದ್ದೆ."

ಸಾಹೇಬರು ನೀರು ತರಿಸಿದರು. ಬಾಮೈದ ನೀರು ಮುಟ್ಟಲಿಲ್ಲ. ಅಂಗಿಯ ಕೊರಳು ಬಿಡದೆ, ಮೊದಲಿಂದ ಮತ್ತೆ ಕೇಳತೊಡಗಿದ. ಮೇಸ್ತ್ರಿ ಪ್ರತಿ ಸಲವೂ ಅವನ ಮುಖ ನೋಡಿಕೊಂಡು ಉತ್ತರ ಕೊಟ್ಟ.